ಗಾಢನಿದ್ದೆಗಾಗಿ ಮಿದುಳಿಗೆ ಕರೆಂಟು: ಬೇಕೇ, ಬೇಡವೇ?

ಪರ

ಮಂಡ್ಯದ ನಮ್ಮ ಮನೆಯಲ್ಲಿ ಅಮ್ಮ ರಾತ್ರಿ ಎರಡಕ್ಕೇ ಎದ್ದು ಕೂರುತ್ತಾರೆ. 'ಬರೀ ಕೋಳಿನಿದ್ದೆ ಕಣೋ' ಅಂದಾಗಲೆಲ್ಲ ಕರುಳು ಚುರುಕ್ ಎನ್ನುತ್ತದೆ. ವಯಸ್ಸಾದಂತೆ ಗಾಢನಿದ್ದೆ ಸವೆಯುತ್ತದೆ. ಆ ನಿದ್ದೆಯಲ್ಲಿ ಮಿದುಳಿನ ಅಸಂಖ್ಯ ನರಕೋಶಗಳು ಒಟ್ಟಿಗೆ ಸುಮ್ಮನಾಗಿ, ಮತ್ತೆ ಒಟ್ಟಿಗೆ ಮಿಡಿಯುತ್ತವೆ. ಸೆಕೆಂಡಿಗೆ ಒಂದೂ ಪೂರ್ತಿಯಾಗದಷ್ಟು ನಿಧಾನದ ದೊಡ್ಡ ಅಲೆಗಳೇಳುತ್ತವೆ. ಹಗಲು ಕಲಿತದ್ದು ನೆನಪಿನಲ್ಲಿ ಬೇರೂರಲು ಈ ಅಲೆಗಳ ನೆರವಿದೆ.

2006ರಲ್ಲಿ ಜರ್ಮನಿಯ ಲೂಬೆಕ್‌ನಲ್ಲಿ ನಿದ್ದೆಯ ಸಂಶೋಧಕರಾದ ಲೀಸಾ ಮಾರ್ಷಲ್, ಯಾನ್ ಬೋರ್ನ್ ಮತ್ತು ಸಂಗಡಿಗರು ನಿದ್ದೆಯಲ್ಲಿದ್ದ ಯುವಜನರ ಹಣೆಯ ಎರಡೂ ಬದಿ ಎಲೆಕ್ಟ್ರೋಡ್ (ಕರೆಂಟು ದಾಟಿಸುವ ಬಿಲ್ಲೆ) ಅಂಟಿಸಿ, ಅದೇ ಲಯದಲ್ಲಿ, ಅಂದರೆ 0.75 ಹರ್ಟ್ಜ್‌ನಲ್ಲಿ (ಸೆಕೆಂಡಿಗೆ ಮುಕ್ಕಾಲು ಅಲೆ), ಪುಟ್ಟ ಕರೆಂಟು ಹರಿಸಿದರು. ನಿಧಾನ ಅಲೆಗಳು ಬಲಗೊಂಡವು. ಮಲಗುವ ಮುಂಚೆ ಕಲಿತ ಪದಜೋಡಿಗಳು ಬೆಳಿಗ್ಗೆ ಹೆಚ್ಚು ನೆನಪಿದ್ದವು. ಕೊಯ್ಯಲಿಲ್ಲ, ಮಾತ್ರೆ ನುಂಗಿಸಲಿಲ್ಲ. ನಿದ್ದೆಮಾತ್ರೆ ತಿಂದು ಮಂಪರಿನಲ್ಲಿ ಜಾರಿಬೀಳುವ ಹಿರಿಯರನ್ನು ಕಂಡಿರುವ ನನಗೆ ಈ ದಾರಿಯನ್ನು ಅರ್ಧಕ್ಕೇ ಬಿಡಬಾರದು ಅನ್ನಿಸುತ್ತದೆ.

ವಿರೋಧ

ಒಂದು ಪ್ರಯೋಗ ಗೆದ್ದಿತೆಂದು ಅಮ್ಮಂದಿರ ಹಣೆಗೆ ತಂತಿ ಕಟ್ಟಬಾರದು. ಬೇರೆಯವರು ಅದನ್ನೇ ಮತ್ತೆ ಮಾಡಿ ನೋಡಿದಾಗ ನೆನಪಿನ ಲಾಭ ಎಲ್ಲ ಕಡೆ ಕಾಣಲಿಲ್ಲ. 2018ರಲ್ಲಿ ಶವಗಳ ಮೇಲೆ ಅಳೆದಾಗ, ತಲೆಗೆ ಕೊಟ್ಟ ಕರೆಂಟಿನ ಸುಮಾರು ಮುಕ್ಕಾಲು ಪಾಲು ಚರ್ಮ, ಬುರುಡೆಗಳಲ್ಲೇ ಕಳೆದುಹೋಗುತ್ತದೆಂದು ತಿಳಿಯಿತು. ಮಿಕ್ಕ ಕಾಲು ಪಾಲು ಎಷ್ಟು ಕೆಲಸ ಮಾಡೀತು ಎಂಬುದೇ ತಕರಾರು. ಕರೆಂಟು ಹರಿಯುವಾಗ ಮಿದುಳಿನ ಅಲೆಗಳನ್ನು ದಾಖಲಿಸುವ ಇಇಜಿಯಲ್ಲಿ ಅದರದ್ದೇ ಗದ್ದಲ; ಮಿದುಳಿನ ಅಲೆ ಸರಿಯಾಗಿ ಕಾಣುವುದೂ ಇಲ್ಲ.

ಇದಕ್ಕಿಂತ ಮೆತ್ತನೆಯ ದಾರಿಗಳಿವೆ. 2013ರಲ್ಲಿ ಜರ್ಮನಿಯಲ್ಲಿ ಅಲೆ ಏಳುವ ಹೊತ್ತಿಗೆ ಸರಿಯಾಗಿ ಮೆಲುಸದ್ದು ಕೇಳಿಸಿಯೇ ಅಲೆಗಳನ್ನು ಬಲಪಡಿಸಿದ್ದರು. 2019ರಲ್ಲಿ ಜಿನೀವಾದಲ್ಲಿ ತೂಗುಮಂಚದ ಮೇಲೆ ಮಲಗಿದವರಿಗೆ ಗಾಢನಿದ್ದೆ ಹೆಚ್ಚಿತು. ತೊಟ್ಟಿಲು ಕಟ್ಟುವ ನಮಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಬೇರೆ. ಗಾಢನಿದ್ದೆಯ ದೊಡ್ಡ ಪಾಲು ಬರುವುದು ರಾತ್ರಿಯ ಮೊದಲರ್ಧದಲ್ಲಿ. ತ್ರೀ ಫೇಸ್ ಬಂತೆಂದರೆ ಅಪ್ಪ ಆ ಹೊತ್ತಿನಲ್ಲೇ ಟಾರ್ಚು ಹಿಡಿದು ಪಂಪ್‌ಸೆಟ್ಟಿನ ಬಳಿಗೆ ಹೋಗುತ್ತಾರೆ, ಹಾವು ಹುಳಕ್ಕೆ ಹೆದರುತ್ತ ಕಬ್ಬಿಗೆ ನೀರು ತಿರುಗಿಸುತ್ತಾರೆ. ಮಲಗುವುದಕ್ಕೇ ಬಿಡದಿದ್ದರೆ ಬಲಪಡಿಸಲು ಅಲೆ ಎಲ್ಲಿಂದ ಬರಬೇಕು? ಪಂಪ್‌ಸೆಟ್ಟಿಗೆ ಹಗಲಲ್ಲಿ ಕರೆಂಟು ಕೊಡಲಿ. ಆಗ ಅಪ್ಪ ಒಂಬತ್ತಕ್ಕೇ ಮಲಗುತ್ತಾರೆ.