ಹೆಗಲ ಮೇಲಿನ ಕೈ ಯಾರದು?

"ಅಣ್ಣಾರ, ಹಿಂದಿನ ಗ್ವಾಡಿ ತಗದು ಕ್ವಾಟಿ ಹಾಕ್ರಿ. ಎರಡ್ ಮಿನಿಟಿನ ಕೆಲಸ ಅದ."

ಶರಣಬಸವೇಶ್ವರ ಜಾತ್ರೆ ಹತ್ತಿರ ಬಂದಾಗ ಕಲಬುರಗಿಯ ಫ್ಲೆಕ್ಸ್ ಅಂಗಡಿಗಳಲ್ಲಿ ದಿನವಿಡೀ ಕೇಳಿಬರುವ ಮಾತಿದು. ಮಾತೇನೂ ಸುಳ್ಳಲ್ಲ. ಫೋಟೊ ತಿದ್ದುವ ಫೋಟೊಶಾಪಿನಲ್ಲಿ ಹಿಂದಿನ ಗೋಡೆ ತೆಗೆದು ಕೋಟೆ ಹಾಕಲು ಎರಡು ನಿಮಿಷ ಸಾಕು. ಆದರೆ ಮನುಷ್ಯನ ಅಂಚಿಗೆ ಅಂಟಿಕೊಂಡು ಉಳಿದ ಗೋಡೆಯನ್ನು ತೆಗೆಯುವಷ್ಟರಲ್ಲಿ ಮಧ್ಯಾಹ್ನದ ರೊಟ್ಟಿ ಒಣಗಿರುತ್ತದೆ.

ತಾಪತ್ರಯ ಶುರುವಾಗುವುದು ವಾಟ್ಸಾಪಿನಿಂದ. ಅಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊ ಕುಗ್ಗಿ, ಉದ್ದನೆಯ ಬದಿಯಲ್ಲಿ ಸುಮಾರು 1600 ಪಿಕ್ಸೆಲ್ ಉಳಿಯುತ್ತದೆ. ಅದನ್ನು 8 ಅಡಿ ಎತ್ತರಕ್ಕೆ ಎಳೆದರೆ ಇಂಚಿಗೆ ಹದಿನೇಳು ಪಿಕ್ಸೆಲ್ಲೂ ಬರುವುದಿಲ್ಲ, ಒಂದು ಪಿಕ್ಸೆಲ್ ಒಂದೂವರೆ ಮಿಲಿಮೀಟರ್ ಆಗುತ್ತದೆ. ಅಂಚಿನಲ್ಲಿ ಮೂರೇ ಪಿಕ್ಸೆಲ್ ಬಿಳಿ ಗೋಡೆ ಉಳಿದರೂ ಕೊರಳ ಸುತ್ತ ಅರ್ಧ ಸೆಂಟಿಮೀಟರಿನ ಪ್ರಭಾವಳಿ. ಬೈಕಿನಲ್ಲಿ ಹೋಗುವವರಿಗೆ ಅದು ಕಾಣುವುದಿಲ್ಲ. ಆದರೆ ಬ್ಯಾನರಿನಲ್ಲಿ ಇರುವವರು ಬೈಕಿನಲ್ಲಿ ಹಾಗೇ ಹೋಗುವುದಿಲ್ಲ, ಇಳಿದು ಕೆಳಗೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಅದಕ್ಕೇ ಫೋಟೊವನ್ನು ಡಾಕ್ಯುಮೆಂಟ್ ಆಗಿ ಕಳಿಸಿ ಅನ್ನುವುದು. ಆಗ ಮೂಲ ಫೈಲ್ ಇದ್ದಹಾಗೇ ಬರುತ್ತದೆ.

ನಮ್ಮ ಕಡೆಯ ಹಿರಿಯರ ವೇಷ ಬಿಳಿ ಧೋತರ, ಬಿಳಿ ಅಂಗಿ, ಬಿಳಿ ರುಮಾಲು. ಫೋಟೊಕ್ಕೆ ನಿಲ್ಲುವುದು ಸುಣ್ಣದ ಗೋಡೆಗೆ ಬೆನ್ನು ಕೊಟ್ಟು. ಇಲ್ಲಿ ಒಂದೇ ಥರದ ಬಣ್ಣವನ್ನು ಆರಿಸುವ ಮ್ಯಾಜಿಕ್ ವಾಂಡ್ ಹಿಡಿದು ಗೋಡೆಯ ಮೇಲೆ ಒತ್ತಿದರೆ ಟಾಲರೆನ್ಸ್ (ಎಷ್ಟು ಬಣ್ಣಭೇದವನ್ನು ಒಂದೇ ಎನ್ನಬೇಕೆಂಬ ಅಳತೆ) 32ರಲ್ಲೇ ಗೋಡೆಯ ಜೊತೆ ಧೋತರವೂ ಹೋಗುತ್ತದೆ. ತಾಗಿಕೊಂಡಿರುವುದನ್ನಷ್ಟೇ ಆರಿಸುವ ಕಂಟಿಗ್ಯುವಸ್ ಅನ್ನುವ ಗುರುತು ತೆಗೆದಿದ್ದರಂತೂ ಆ ಬಿಳುಪು ಚಿತ್ರದಲ್ಲಿ ಎಲ್ಲಿದ್ದರೂ ಆಯ್ಕೆಯಾಗುತ್ತದೆ: ಹಲ್ಲು, ಕಣ್ಣಿನ ಬಿಳಿ, ಹಣೆಯ ವಿಭೂತಿ. ಡಿಲೀಟ್ ಒತ್ತಿ ಕೋಟೆ ಹಾಕಿದರೆ ಗೌಡರ ಕಣ್ಣೊಳಗಿಂದ ಬುರುಜು ಇಣುಕುತ್ತದೆ.

ಬಿಳಿ ಮೇಲೆ ಬಿಳಿ ಇದ್ದಾಗ ಬಿಂದು ಇಟ್ಟು ಅಂಚಿನ ಗೆರೆ ಎಳೆಯುವ ಪೆನ್ ಟೂಲ್ ಬಿಟ್ಟರೆ ಗತಿಯಿಲ್ಲ. ಕಂಟ್ರೋಲ್ ಜೆ ಒತ್ತಿ ಲೇಯರಿನ, ಅಂದರೆ ಚಿತ್ರದ ಪದರದ, ನಕಲು ಮಾಡಿಕೊಳ್ಳಿ. ಮೇಲೆ ಬೆಳಕು ಹೆಚ್ಚುಕಮ್ಮಿ ಮಾಡುವ ಕರ್ವ್ಸ್ ಲೇಯರ್ ಹಾಕಿ ತಾತ್ಕಾಲಿಕವಾಗಿ ಚಿತ್ರವನ್ನು ಕಪ್ಪಾಗಿಸಿದರೆ ಬೆಳಕಿನಲ್ಲಿ ಮುಳುಗಿದ್ದ ರುಮಾಲಿನ ಅಂಚು ಎದ್ದು ಬರುತ್ತದೆ. ಜೂಮ್ 200ರಿಂದ 300 ಪರ್ಸೆಂಟ್ ಇರಲಿ, ಗೆರೆ ಅಂಚಿನ ಮೇಲಲ್ಲ, ಅಂಚಿನಿಂದ ಒಂದು ಪಿಕ್ಸೆಲ್ ಒಳಗೆ ಓಡಲಿ. ಹೊಸಬರು ಮಾಡುವ ತಪ್ಪು ಬಿಂದು ಹೆಚ್ಚಿಡುವುದು. ಭುಜಕ್ಕೆ ಎರಡು ಬಿಂದು, ಕಿವಿಗೆ ನಾಲ್ಕೈದು ಸಾಕು. ಇಪ್ಪತ್ತು ಇಟ್ಟರೆ ಕಿವಿ ಇಲಿ ಕಡಿದ ರೊಟ್ಟಿಯಂತಾಗುತ್ತದೆ. ಗೆರೆ ಥಟ್ಟನೆ ತಿರುಗಬೇಕಾದಲ್ಲಿ ಆಲ್ಟ್ ಹಿಡಿದು ಬಿಂದುವಿನ ಮೇಲೆ ಕ್ಲಿಕ್ ಮಾಡಿದರೆ ಗೆರೆಯನ್ನು ಬಾಗಿಸುವ ಮುಂದಿನ ಹಿಡಿಕೆ ಮುರಿಯುತ್ತದೆ. ಸುತ್ತು ಮುಗಿದ ಮೇಲೆ ಕಂಟ್ರೋಲ್ ಎಂಟರ್ ಒತ್ತಿ ಆಯ್ಕೆ ಮಾಡಿ, ಅಂಚು ಮೆದುವಾಗಲು ಅರ್ಧ ಪಿಕ್ಸೆಲ್ ಫೆದರ್, ಆಮೇಲೆ ಅಳಿಸದೆ ಮರೆಮಾಡುವ ಲೇಯರ್ ಮಾಸ್ಕ್. ಇರೇಸರ್ ಮುಟ್ಟಲೇಬೇಡಿ. ಮಾಸ್ಕಿನಲ್ಲಿ ಕಿವಿ ಹಾರಿದರೆ ಬಿಳಿ ಬ್ರಷ್ ಆಡಿಸಿ ವಾಪಸ್ ತರಬಹುದು. ಇರೇಸರಿನಲ್ಲಿ ಹೋದ ಕಿವಿ ಸೇವ್ ಮಾಡಿ ಮುಚ್ಚಿದ ಮೇಲೆ ಬರುವುದಿಲ್ಲ.

ಸೊಂಟದ ಮೇಲೆ ಕೈಯಿಟ್ಟು ನಿಂತವರನ್ನು ಕಂಡರೆ ಎಚ್ಚರವಿರಲಿ. ತೋಳಿಗೂ ಪಕ್ಕೆಗೂ ನಡುವಿನ ತ್ರಿಕೋನದಲ್ಲಿ ಹಳೆ ಗೋಡೆ ಆರಾಮಾಗಿ ಕೂತಿರುತ್ತದೆ, ಕೆಲವೊಮ್ಮೆ ಸ್ವಿಚ್ ಬೋರ್ಡ್ ಸಮೇತ. ಕನ್ನಡಕದ ಗಾಜಿನಲ್ಲೂ ಅಷ್ಟೇ. ಇವೆಲ್ಲ ಖಾಲಿ ಜಾಗವನ್ನು ತೋರಿಸುವ ಚೌಕಳಿ ಹಿನ್ನೆಲೆಯಲ್ಲಿ ಕಣ್ಣಿಗೆ ಬೀಳುವುದಿಲ್ಲ. ಕೆಳಗೊಂದು ಗಾಢ ಕೆಂಪು ಲೇಯರ್ ಹಾಕಿ ನೋಡಿ, ಅಡಗಿದ್ದ ಗೋಡೆಯೆಲ್ಲ ಹೊರಬೀಳುತ್ತದೆ.

ಕೂದಲಿಗೆ ಪೆನ್ ಉಪಯೋಗವಿಲ್ಲ, ತಲೆಗೆ ಹೆಲ್ಮೆಟ್ ಹಾಕಿದಂತೆ ಕಾಣುತ್ತದೆ. ಸೆಲೆಕ್ಟ್ ಅಂಡ್ ಮಾಸ್ಕ್‌ಗೆ ಹೋಗಿ ರಿಫೈನ್ ಎಡ್ಜ್ ಬ್ರಷ್ಷನ್ನು ಕೂದಲ ತುದಿಗಷ್ಟೇ ಸವರಿ. ಕೆನ್ನೆಗೆ ಸವರಿದರೆ ಕೆನ್ನೆ ತೂತು. ಇನ್ನು ಪೆಂಡಾಲಿನಲ್ಲಿ ತೆಗೆದ ಫೋಟೊ: ಕೆಂಪು ಹಳದಿ ಬಟ್ಟೆಯ ಬಣ್ಣ ಮುಖದ ಅಂಚಿಗೂ ಇಳಿದಿರುತ್ತದೆ. ಕೂದಲಂಚಿಗೆ, ಅಂಟಿದ ಬಣ್ಣ ತೆಗೆಯುವ ಡಿಕಂಟ್ಯಾಮಿನೇಟ್ ಕಲರ್ಸ್ ಸಾಕು. ಕೆನ್ನೆಗಾದರೆ ಮೇಲೊಂದು ಲೇಯರನ್ನು ಕೆಳಗಿನದರ ಆಕಾರಕ್ಕೆ ಕ್ಲಿಪ್ ಮಾಡಿ, ಬಣ್ಣವನ್ನಷ್ಟೇ ಬದಲಿಸುವ ಕಲರ್ ಮೋಡಿನಲ್ಲಿ, ಪಕ್ಕದ ಚರ್ಮದ ಬಣ್ಣವನ್ನೇ ಎತ್ತಿ 15 ಪರ್ಸೆಂಟಿನಲ್ಲಿ ತೆಳ್ಳಗೆ ಹಚ್ಚಿ.

ಬೀದರಿನ ಬಿದರಿ ಹೂದಾನಿಗೂ ಇದೇ ರೋಗ. ಕಪ್ಪು ಮೈ ಪೆನ್ನಿಗೆ ಸಲೀಸಾಗಿ ಸಿಗುತ್ತದೆ, ಬೆಳ್ಳಿಯ ಕುಸುರಿ ಮಾತ್ರ ಕೆಳಗೆ ಹಾಸಿದ ಕೆಂಪು ಬಟ್ಟೆಯನ್ನು ಪ್ರತಿಫಲಿಸುತ್ತ ಕೂತಿರುತ್ತದೆ. ಬಟ್ಟೆ ಹೋದರೂ ಕೆಂಪು ಹೋಗುವುದಿಲ್ಲ. ಬೆಳ್ಳಿಗೆ ಸ್ವಂತ ಬಣ್ಣವಿಲ್ಲವಾದ್ದರಿಂದ ಹ್ಯೂ ಸ್ಯಾಚುರೇಶನ್ನಿನಲ್ಲಿ ರೆಡ್ಸ್ ಆರಿಸಿ ಬಣ್ಣದ ಗಾಢತೆಯನ್ನು ಪೂರ್ತಿ ಇಳಿಸಿದರೂ ನಷ್ಟವಿಲ್ಲ. ಹಾಗೆಂದು ಇದನ್ನು ಮನುಷ್ಯರ ಮುಖದ ಮೇಲೆ ಪ್ರಯೋಗಿಸಬೇಡಿ.

2018ರಲ್ಲಿ ಸೆಲೆಕ್ಟ್ ಸಬ್ಜೆಕ್ಟ್ ಬಂದ ಮೇಲೆ ಒಂದೇ ಕ್ಲಿಕ್ಕಿಗೆ ಮನುಷ್ಯ ಹೊರಬರುತ್ತಾನೆ, ಸರಿ. ಆದರೆ ಅವನ ಜೊತೆ ಯಾರು ಬಂದರೆಂದು ನೋಡಿಕೊಳ್ಳಬೇಕು. ಮದುವೆಯ ಗುಂಪಿನ ಫೋಟೊದಿಂದ ಒಬ್ಬರನ್ನು ಎತ್ತಿದಾಗ ಹೆಗಲ ಮೇಲೆ ನಾಲ್ಕು ಬೆರಳು, ಒಂದು ಉಂಗುರ ಉಳಿಯುವುದು ಇಲ್ಲಿಯ ನಿತ್ಯದ ಕಥೆ. ಬೆರಳು ಅಳಿಸಿದರೆ ಅಂಗಿಯಲ್ಲಿ ತೂತು. ಇನ್ನೊಂದು ಹೆಗಲನ್ನು ಸುತ್ತುಗೆರೆ ಎಳೆದು ಆರಿಸುವ ಲ್ಯಾಸೊದಿಂದ ಎತ್ತಿ, ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುವಿ ಅಂಟಿಸಬಹುದು, ಜೇಬು ಸೇರದಂತೆ ನೋಡಿಕೊಳ್ಳಬೇಕು ಅಷ್ಟೇ. ಸೇರಿದರೆ ಎರಡೂ ಕಡೆ ಜೇಬು. ಬೆಳಕು ಒಂದೇ ಕಡೆಯಿಂದ ಬಿದ್ದಿದ್ದರೆ ಅದೂ ನಡೆಯದು. ಆಗ ಉಳಿಯುವುದು ಅನುಭವಿಗಳ ಉಪಾಯ: ಬೇರೆ ಫೋಟೊದಿಂದ ಶಾಲು ತಂದು ಹೊದಿಸುವುದು. ಕೈಯೂ ಮುಚ್ಚಿತು, ಸನ್ಮಾನವೂ ಆಯಿತು. ಗಿರಾಕಿ ಎರಡನೆಯದಕ್ಕೆ ಖುಷಿಪಟ್ಟು ಮೊದಲನೆಯದನ್ನು ಕೇಳುವುದೇ ಇಲ್ಲ.

ಕೋಟೆಯ ಮುಂದೆ ನಿಲ್ಲಿಸುವಾಗ ಮೂಗಿನ ನೆರಳು ನೋಡಿ. ಮೇ ತಿಂಗಳ ನಡುಮಧ್ಯಾಹ್ನ ತೆಗೆದದ್ದಾದರೆ ನೆರಳು ನೇರ ಮೇಲ್ದುಟಿಗೆ ಬಿದ್ದಿರುತ್ತದೆ, ಅಂಥವರನ್ನು ಸಂಜೆಗೆಂಪಿನಲ್ಲಿ ನಿಲ್ಲಿಸಿದರೆ ಹೊಂದುವುದಿಲ್ಲ. ಪಾದದ ಕೆಳಗೆ, ಕೆಳಗಿನ ಚಿತ್ರವನ್ನು ಕಪ್ಪಾಗಿಸುವ ಮಲ್ಟಿಪ್ಲೈ ಮೋಡಿನಲ್ಲಿ ಮಸುಕು ನೆರಳು ಕೊಡದಿದ್ದರೆ ಮನುಷ್ಯ ನೆಲದಿಂದ ಗೇಣು ಮೇಲೆ ತೇಲುತ್ತಾನೆ.

ಕೆಲಸ ಮುಗಿದ ಮೇಲೆ ಪಿಎನ್‌ಜಿಯಲ್ಲಿ ಉಳಿಸಿ, ಜೆಪೆಗ್ಗಿಗೆ ಪಾರದರ್ಶಕತೆ ಗೊತ್ತಿಲ್ಲ, ಸುತ್ತ ಬಿಳಿ ತುಂಬುತ್ತದೆ. ಇಂಟರ್ನೆಟ್ಟಿನಿಂದ ಇಳಿಸಿದ 'ಪಿಎನ್‌ಜಿ' ನಂದಿಕೋಲಿನ ಹಿಂದೆ ಚೌಕಳಿ ಕಂಡರೆ ಹಿಗ್ಗಬೇಡಿ, ಎಷ್ಟೋ ಸಲ ಆ ಚೌಕಳಿಯೂ ಚಿತ್ರದ ಭಾಗವೇ ಆಗಿರುತ್ತದೆ, ಫ್ಲೆಕ್ಸಿನಲ್ಲೂ ಹಾಗೇ ಅಚ್ಚಾಗುತ್ತದೆ. ಪಾತ್ಸ್ ಪ್ಯಾನೆಲಿನಲ್ಲಿ ವರ್ಕ್ ಪಾತ್, ಅಂದರೆ ಪೆನ್ನಿನಿಂದ ಎಳೆದ ಗೆರೆಯ, ಮೇಲೆ ಎರಡು ಸಲ ಕ್ಲಿಕ್ ಮಾಡಿ ಹೆಸರಿಟ್ಟು, ಲೇಯರುಗಳನ್ನೆಲ್ಲ ಕಾಯುವ ಪಿಎಸ್‌ಡಿ ಫೈಲಾಗಿ ಉಳಿಸಿಕೊಳ್ಳಿ. ಹೆಸರಿಡದಿದ್ದರೆ ಮುಂದಿನ ಗೆರೆ ಎಳೆದಾಗ ಅದು ಮಾಯ, ಮತ್ತೆ ಗೌಡರ ಕಿವಿಯಿಂದ ಶುರು.