ಮರುದಿನವೇ ಮನೆಗೆ ಕಳಿಸಿದರು, ಮುಂದೇನಾಗುತ್ತೆ ಅಂತ ಯಾರೂ ಹೇಳಲಿಲ್ಲ

ಪ್ರಾಸ್ಟೇಟ್ (ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಗ್ರಂಥಿ) ದೊಡ್ಡದಾಗಿ ಒದ್ದಾಡುತ್ತಿರುವ ನನ್ನ ವಯಸ್ಸಿನವರು, ಅವರ ಮಕ್ಕಳು ದಯವಿಟ್ಟು ಇದನ್ನು ಪೂರ್ತಿ ಓದಿ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ತಿಂಗಳುಗಟ್ಟಲೆ ಒಳಗೇ ಇಟ್ಟುಕೊಂಡಿದ್ದೆ, ಇನ್ನು ಆಗಲ್ಲ.

ನಾನು ಕುಮಟೆಯವನು, ವಯಸ್ಸು 67. ರಾತ್ರಿ ಮತ್ತೆ ಮತ್ತೆ ಏಳಬೇಕು. ಬಚ್ಚಲಲ್ಲಿ ನಿಂತು ನಿಂತು ಕಾಲು ಸೋತರೂ ಬರುವುದು ಹನಿ ಹನಿ. ಸ್ಕ್ಯಾನಿಂಗ್‌ನಲ್ಲಿ ಪ್ರಾಸ್ಟೇಟ್ 48 ಗ್ರಾಂ ಅಂತ ಬಂತು. ಇರಬೇಕಾದ್ದು 20 ಗ್ರಾಂ ಆಸುಪಾಸು. ಕ್ಯಾನ್ಸರ್ ಅಲ್ಲ, ವಯಸ್ಸಿನ ಜೊತೆ ಬೆಳೆಯುವಂಥದ್ದು ಅಂದರು. ಮಾತ್ರೆ ತಗೊಂಡರೆ ಎದ್ದು ನಿಂತ ಕೂಡಲೇ ತಲೆ ಸುತ್ತು. ಶಿರಸಿ ಬಸ್ಸು ಹತ್ತುವುದಕ್ಕೇ ಹೆದರಿಕೆ. ದೇವಿಮನೆ ಘಟ್ಟದಲ್ಲಿ ಅರ್ಜೆಂಟಾದರೆ ತುಂಬಿದ ಬಸ್ಸಲ್ಲಿ ಎಲ್ಲರ ಮುಂದೆ ಎದ್ದು ಹೋಗಿ "ಒಂಚೂರು ನಿಲ್ಸಿ ಮಾರಾಯ್ರೆ" ಅನ್ನಬೇಕಲ್ಲ. ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟಿದ್ದೆ.

ಮಗ ಬೆಂಗಳೂರಲ್ಲಿದ್ದಾನೆ. ಅಲ್ಲಿನ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದ. ಆವಿ ಚಿಕಿತ್ಸೆ ಅಂತ ಹೇಳಿದರು. ಮೂತ್ರದ ದಾರಿಯಿಂದಲೇ ಒಂದು ಸಲಕರಣೆ ಒಳಗೆ ಹಾಕಿ, ಬೆಳೆದ ಭಾಗಕ್ಕೆ ಸೂಜಿಯಲ್ಲಿ ಬಿಸಿ ಆವಿ ಬಿಡುವುದು. ಒಂದೊಂದು ಸಲಕ್ಕೆ 9 ಸೆಕೆಂಡು, ಅಷ್ಟೇ. "ಕೊಯ್ಯೋದಿಲ್ಲ, ಹೊಲಿಗೆ ಇಲ್ಲ, ನಾಳೆನೇ ಮನೆಗೆ ಹೋಗ್ಬೋದು ಅಂಕಲ್" ಅಂದಳು ಕೌನ್ಸೆಲಿಂಗ್ ಹುಡುಗಿ. ಪ್ಯಾಕೇಜ್ ರೇಟು ಹೇಳಿದಳು. ಎಲ್ಲೆಲ್ಲಿ ಸಹಿ ಅಂತ ತೋರಿಸಿದಳು. ಕಾಗದ ಪೂರ್ತಿ ಇಂಗ್ಲಿಷಿನಲ್ಲಿತ್ತು. ಡಾಕ್ಟರು ನಮ್ಮ ಜೊತೆ ಮಾತಾಡಿದ್ದು ಒಂದು ಲೋಟ ಚಾ ಕುಡಿಯುವಷ್ಟು ಹೊತ್ತೂ ಇಲ್ಲ.

ಮರುದಿನ ಕಳಿಸಿದ್ದು ನಿಜ. ಆದರೆ ಮೂತ್ರ ಹೋಗಲು ಹಾಕಿದ ಪೈಪ್ ಸಮೇತ ಕಳಿಸಿದರು. ನಮ್ಮ ಮನೆ ಇರುವುದು ಒಂದು ರಾತ್ರಿಯ ರೈಲಿನ ದೂರದಲ್ಲಿ. ತೊಡೆಗೆ ಮೂತ್ರದ ಚೀಲ ಕಟ್ಟಿಕೊಂಡು, ಮೇಲೆ ಲುಂಗಿ ಉಟ್ಟು, ಕಾರವಾರದ ರೈಲಿನ ಕೆಳಗಿನ ಬರ್ತಿನಲ್ಲಿ ಮಲಗಿದೆ. ನಡುರಾತ್ರಿ ಆ ಅಲುಗಾಡುವ ಸಂಡಾಸಿನಲ್ಲಿ ಒಂದು ಕೈಯಲ್ಲಿ ಸರಳು ಹಿಡಿದು, ಇನ್ನೊಂದು ಕೈಯಲ್ಲಿ ಚೀಲದ ಕೆಳಗಿನ ಬಿರಡೆ ತಿರುಗಿಸಿ ಖಾಲಿ ಮಾಡಬೇಕು. ಕಣ್ಣಿಗೆ ಬಿದ್ದದ್ದು ಕೆಂಪು. ರಕ್ತ ಬರುತ್ತೆ, ಹೆದರಬೇಡಿ ಅಂತ ಒಂದು ಮಾತು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಮನೆಗೆ ಬಂದ ಮೇಲೆ ಇನ್ನೊಂದು ಶುರುವಾಯಿತು. ಮೂತ್ರಕೋಶ ತನ್ನಷ್ಟಕ್ಕೆ ಹಿಂಡಿಕೊಳ್ಳುತ್ತದೆ. ಪೈಪ್ ಇದ್ದರೂ ಪಕ್ಕದಿಂದ ಒಸರುತ್ತದೆ. ಚೀಲ ಖಾಲಿ, ಲುಂಗಿ ಒದ್ದೆ. ಪೈಪೇ ಕಟ್ಟಿಕೊಂಡಿದೆ ಅಂತ ನಾನೂ ಹೆಂಡತಿಯೂ ನಡುಗಿಬಿಟ್ಟೆವು. ಪೈಪ್ ಹಾಕಿದವರಲ್ಲಿ ಎಷ್ಟೋ ಜನರಿಗೆ ಹೀಗಾಗುತ್ತೆ, ಅದಕ್ಕೆ ಮಾತ್ರೆಯೂ ಇದೆ ಅಂತ ಆಮೇಲೆ ಗೊತ್ತಾಯಿತು. ನಮಗೆ ಕೊಟ್ಟ ಚೀಟಿಯಲ್ಲಿ ಅದರ ಸುದ್ದಿಯೇ ಇರಲಿಲ್ಲ.

ಕೊನೆಗೆ ಇಲ್ಲೇ ಪೈಪ್ ತೆಗೆಸಿದೆ. ಅವತ್ತೇ ರಾತ್ರಿ ಉಚ್ಚೆ ನಿಂತೇ ಹೋಯಿತು. ಕೆಳಹೊಟ್ಟೆ ಕಲ್ಲಾಗಿತ್ತು. ಕೂರುವುದಕ್ಕಾಗದು, ನಿಲ್ಲುವುದಕ್ಕಾಗದು. ಬೆಂಗಳೂರಿನ ನಂಬರಿಗೆ ಫೋನ್ ಮಾಡಿದರೆ "ನಾಳೆ ಓಪಿಡಿಗೆ ಕರ್ಕೊಂಡ್ ಬನ್ನಿ" ಅಂತ ಉತ್ತರ. ಕುಮಟೆಯಿಂದ! ನಮ್ಮೂರಿನ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯಲ್ಲಿದ್ದ ನರ್ಸಮ್ಮ ಹೊಸ ಪೈಪ್ ಹಾಕಿ ಜೀವ ಉಳಿಸಿದಳು. ಅವಳ ಹೊಟ್ಟೆ ತಣ್ಣಗಿರಲಿ.

ಆಮೇಲೆ ಮಣಿಪಾಲಕ್ಕೆ ಹೋದಾಗ ಅಲ್ಲೊಬ್ಬ ಡಾಕ್ಟರು ಕೂತು ಬಿಡಿಸಿ ಹೇಳಿದರು. ಆವಿ ತಾಗಿದ ಭಾಗ ಸಾಯುತ್ತದೆ, ಆದರೆ ಮೊದಲು ಊದಿಕೊಳ್ಳುತ್ತದೆ. ದೇಹ ಅದನ್ನು ನಿಧಾನಕ್ಕೆ ಹೀರಿಕೊಳ್ಳಬೇಕು. ಅಲ್ಲಿಯವರೆಗೆ ಉರಿ, ಅರ್ಜೆಂಟು ಎಲ್ಲ ಮೊದಲಿಗಿಂತ ಜಾಸ್ತಿಯೇ ಆಗಬಹುದು, ಕೆಲವರಿಗೆ ಪೈಪ್ ಮತ್ತೆ ಹಾಕಬೇಕಾಗುತ್ತದೆ. ಪೂರ್ತಿ ಫಲ ಸಿಗುವುದಕ್ಕೆ ಮೂರು ತಿಂಗಳಾದರೂ ಬೇಕು. ಹಾಗೇ ಆಯಿತು. ಈಗ ಧಾರೆ ಚೆನ್ನಾಗಿದೆ, ರಾತ್ರಿ ನಿದ್ದೆ ಬರುತ್ತಿದೆ. ಚಿಕಿತ್ಸೆಯನ್ನು ನಾನು ಬೈಯುತ್ತಿಲ್ಲ. ಹೀಗೆಲ್ಲ ಆಗುತ್ತೆ ಅಂತ ಬೆಂಗಳೂರಿನವರಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ. ನನಗೆ ಸಿಟ್ಟು ಬರುವುದೇ ಅಲ್ಲಿ.

ಬೇರೆ ದಾರಿಗಳನ್ನೂ ಹೇಳಲಿಲ್ಲ. ಟರ್ಪ್ ಅಂತ ಹಳೆಯ ಆಪರೇಷನ್ ಇದೆ. ಒಳಗಿಂದಲೇ ಕೆರೆದು ತೆಗೆಯುವುದು, ಹೊಟ್ಟೆ ಕೊಯ್ಯುವುದಿಲ್ಲ. ಲೇಸರ್ ಇದೆ, ತುಂಬಾ ದೊಡ್ಡ ಪ್ರಾಸ್ಟೇಟಿಗೂ ಆಗುತ್ತೆ. ಕ್ಲಿಪ್ ಹಾಕಿ ಬೆಳೆದ ಭಾಗವನ್ನು ಆಚೀಚೆ ಸರಿಸಿ ಹಿಡಿಯುವುದಿದೆ. ಕೈ ಅಥವಾ ತೊಡೆಸಂದಿಯ ರಕ್ತನಾಳದಿಂದ ಹೋಗಿ ಪ್ರಾಸ್ಟೇಟಿಗೆ ರಕ್ತ ಹೋಗುವ ದಾರಿ ಮುಚ್ಚುವುದೂ ಇದೆ. ಟರ್ಪ್ ಆದರೆ ಎರಡು ಮೂರು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡು, ಸಾಮಾನ್ಯವಾಗಿ ಪೈಪ್ ತೆಗೆದು, ಉಚ್ಚೆ ಸರಿಯಾಗಿ ಹೋಗುತ್ತಾ ನೋಡಿಯೇ ಕಳಿಸುತ್ತಾರೆ. ಬೆಂಗಳೂರಲ್ಲೇ ಮನೆ ಇದ್ದವನಿಗೆ ಮರುದಿನದ ಡಿಸ್ಚಾರ್ಜ್ ಒಳ್ಳೆಯದೇ ಇರಬಹುದು. ಕರಾವಳಿಯ ಮುದುಕನಿಗೆ, ಮನೆಯಲ್ಲಿ ಬರೀ ಇಬ್ಬರಿದ್ದರೆ, ಎರಡು ದಿನ ಹೆಚ್ಚು ಮಲಗಿ ಪೈಪ್ ಇಲ್ಲದೆ ಬರುವುದೇ ವಾಸಿ ಅಲ್ವಾ? ನಿಮ್ಮೂರು ಯಾವುದು, ಮನೆಯಲ್ಲಿ ಯಾರಿದ್ದಾರೆ ಅಂತ ಒಬ್ಬರೂ ಕೇಳಲಿಲ್ಲ.

ಇನ್ನೊಂದು ಮಾತು, ಮುಚ್ಚುಮರೆ ಯಾಕೆ. ಟರ್ಪ್ ಆದ ಮೇಲೆ ಹೆಚ್ಚಿನವರಿಗೆ ವೀರ್ಯ ಹೊರಗೆ ಬರದೆ ಹಿಂದಕ್ಕೆ ಮೂತ್ರಕೋಶಕ್ಕೆ ಹೋಗುತ್ತದೆ. ಆವಿಯಲ್ಲೂ ಕ್ಲಿಪ್ಪಿನಲ್ಲೂ ಆ ತೊಂದರೆ ಕಡಿಮೆ. ಜನ ಇವನ್ನು ಆರಿಸಿಕೊಳ್ಳಲು ದೊಡ್ಡ ಕಾರಣವೇ ಅದು. ಅದನ್ನೂ ನನ್ನ ಹತ್ತಿರ ಎತ್ತಲಿಲ್ಲ. ವಯಸ್ಸಾದವರಿಗೆ ಅದೆಲ್ಲ ಯಾಕೆ ಅಂದುಕೊಂಡರೋ ಏನೋ. ಬೇಕೋ ಬೇಡವೋ ಅಂತ ಹೇಳಬೇಕಾದವರು ನಾನು, ನನ್ನ ಹೆಂಡತಿ.

ವಿಮೆಯವರದ್ದು ಬೇರೆ. ಪ್ರಾಸ್ಟೇಟಿಗೆ ಪಾಲಿಸಿ ಮಾಡಿ ಎರಡು ವರ್ಷ ಕಾಯಬೇಕು ಅಂದಿದ್ದರು, ಕಾದೆವು. ಆಮೇಲೆ ಇದು ಆಧುನಿಕ ಚಿಕಿತ್ಸೆ, ಇದಕ್ಕೆ ಮಿತಿ ಇದೆ ಅಂತ ಹಣ ಕತ್ತರಿಸಿದರು.

ಇಷ್ಟಕ್ಕೆಲ್ಲ ಬೆಂಗಳೂರು, ಮಣಿಪಾಲ, ಹುಬ್ಬಳ್ಳಿ ಅಂತ ಯಾಕೆ ಅಲೆಯಬೇಕು ನಾವು? 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಹತ್ತಿರದ ಶಿರೂರು ಟೋಲ್‌ಗೇಟಿನಲ್ಲಿ ಉರುಳಿ ನಾಲ್ವರು ಸತ್ತರು. ನಮ್ಮ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಅಂತ ಅವತ್ತು ಇಡೀ ಉತ್ತರ ಕನ್ನಡ ಕೂಗಿತು. ಪೈಪ್ ಹಾಕಿಕೊಂಡ ಮುದುಕರ ಕಷ್ಟಕ್ಕೆ ಯಾರೂ ಬೀದಿಗೆ ಇಳಿಯುವುದಿಲ್ಲ, ಆದರೆ ಅದೂ ಇದೇ ಕಷ್ಟ.

ಮೊನ್ನೆ ಆ ಆಸ್ಪತ್ರೆಯಿಂದ ಫೋನ್ ಬಂತು. ರೂಮು ಸ್ವಚ್ಛ ಇತ್ತಾ, ಊಟ ಹೇಗಿತ್ತು, ಐದರಲ್ಲಿ ಎಷ್ಟು ಮಾರ್ಕು ಕೊಡುತ್ತೀರಿ ಅಂತ. ಉಚ್ಚೆ ಸರಿಯಾಗಿ ಹೋಗುತ್ತಿದೆಯಾ ಅಂತ ಕೇಳಲೇ ಇಲ್ಲ. ನಾನೇ ಹೇಳಿದೆ: ಪೈಪ್ ಎಷ್ಟು ದಿನ, ಏನೇನಾಗುತ್ತೆ, ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ, ಇಷ್ಟನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಕೊಡಿ. ರಾತ್ರಿ ಎತ್ತುವ ಒಂದು ನಂಬರ್ ಕೊಡಿ. "ನೋಟ್ ಮಾಡ್ಕೊಂಡಿದೀನಿ ಸರ್" ಅಂದು ಇಟ್ಟುಬಿಟ್ಟರು.

ನಿಮ್ಮ ಅಪ್ಪನನ್ನೋ ಮಾವನನ್ನೋ ಕರೆದುಕೊಂಡು ಹೋಗುವವರು ಸಹಿ ಹಾಕುವ ಮೊದಲೇ ಕೇಳಿ: ನಡುರಾತ್ರಿ ಉಚ್ಚೆ ಕಟ್ಟಿದರೆ ನಮ್ಮೂರಲ್ಲಿ ಯಾರ ಹತ್ತಿರ ಹೋಗಬೇಕು? ಉತ್ತರವನ್ನು ಬರೆಸಿಕೊಂಡೇ ಪೆನ್ನು ಮುಟ್ಟಿ.