ಒಂದೇ ಪುಸ್ತಕ, ಒಬ್ಬರಿಗೆ ಒಂದು ಪುಟ

ಮೈಸೂರಿನಲ್ಲಿ ಎಂ.ಎ. ಓದುವಾಗ ಆರು ಜನ ಸೇರಿ ಓದು ಬಳಗ ಶುರು ಮಾಡಿದ್ದೆವು. ಈಗ ಹುಡುಗರು ಯಾರಾದರೂ "ಅಣ್ಣಾ, ನಮ್ಮ ಕಾಲೇಜಲ್ಲೂ ಮಾಡಬೇಕು, ಯಾವ ಪುಸ್ತಕದಿಂದ ಶುರು ಮಾಡೋಣ?" ಅಂದರೆ, "ಎಷ್ಟು ಗಂಟೆಗೆ ಸೇರುತ್ತೀರಿ?" ಅಂತ ನಾನು ತಿರುಗಿ ಕೇಳುತ್ತೇನೆ.

ಯಾಕಂದ್ರೆ ನಾವು ಎಡವಿದ್ದೇ ಅಲ್ಲಿ. ಸಂಜೆ ಆರಕ್ಕೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಕೂರುತ್ತಿದ್ದೆವು. ಮೂರು ವಾರ ಕಳೆದರೂ ಒಬ್ಬ ಹುಡುಗಿಯೂ ಬರಲಿಲ್ಲ. ಅವರಿಗೆ ಆಸಕ್ತಿ ಇಲ್ಲ ಬಿಡು ಅಂದುಕೊಂಡೆವು. ಆಮೇಲೆ ಕ್ಲಾಸಿನ ಗೆಳತಿಯೊಬ್ಬಳು ಹೇಳಿದಳು, ಅವರ ಹಾಸ್ಟೆಲ್ ಗೇಟ್ ಆರೂವರೆಗೇ ಹಾಕುತ್ತಾರಂತೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬದಲಾಯಿಸಿದೆವು, ಮುಂದಿನ ವಾರವೇ ಒಂಬತ್ತು ಜನ ಬಂದರು. ಸಮಾನತೆ ಬಗ್ಗೆ ಓದೋಕೆ ಕೂತವರು ಇಷ್ಟನ್ನೂ ವಿಚಾರಿಸಿರಲಿಲ್ಲ ಅನ್ನೋದು ನನಗೆ ಇವತ್ತಿಗೂ ಚುಚ್ಚುತ್ತದೆ.

ಇನ್ನೊಂದು ಮಾತು, ಜೋರಾಗಿ ಓದಿ. ಮನೇಲಿ ಓದಿಕೊಂಡು ಬಂದು ಚರ್ಚೆ ಮಾಡೋಣ ಅಂದರೆ ಓದಿಕೊಂಡು ಬಂದ ಇಬ್ಬರೇ ಮಾತಾಡುತ್ತಾರೆ, ಪುಸ್ತಕ ಕೊಳ್ಳೋಕೆ ಆಗದವರು, ಪಾರ್ಟ್ ಟೈಮ್ ಕೆಲಸ ಮುಗಿಸಿ ರಾತ್ರಿ ಹನ್ನೊಂದಕ್ಕೆ ರೂಮಿಗೆ ಬರುವವರು ಸುಮ್ನೆ ತಲೆ ತಗ್ಗಿಸಿ ಕೂರುತ್ತಾರೆ. ಪುಸ್ತಕ ಕೈಯಿಂದ ಕೈಗೆ ಹೋಗಬೇಕು. ತಡವರಿಸಿದರೆ ತಡವರಿಸಲಿ.

ನಾವು ಹಾಗೆ ಓದಿದ್ದು ಅಂಬೇಡ್ಕರ್ ಅವರ 'ಜಾತಿ ವಿನಾಶ'. ಜಾತಿ ಮುರಿಯಬೇಕು ಅನ್ನುತ್ತಿದ್ದ ಲಾಹೋರಿನ ಸಂಘಟನೆ ಜಾತ್ ಪಾತ್ ತೋಡಕ್ ಮಂಡಲ 1936ರ ತನ್ನ ಸಮ್ಮೇಳನಕ್ಕೆ ಕರೆದಿತ್ತು ಅಂತ ಅವರು ಬರೆದ ಭಾಷಣ ಅದು. ಬರಹ ನೋಡಿದ ಮೇಲೆ ಕರೆದವರು ಹಿಂಜರಿದರು, ಸಮ್ಮೇಳನವೇ ನಿಂತಿತು. ಅಂಬೇಡ್ಕರ್ ಅದನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ಬಾಯಿಬಿಟ್ಟು ಹೇಳೋಕೆ ಅಂತ ಬರೆದದ್ದು, ಅದನ್ನು ಮನಸ್ಸಿನಲ್ಲೇ ಓದಿಕೊಳ್ಳೋದು ಹೇಗೆ ಅಲ್ವಾ?

ಅದರಲ್ಲಿ ಜೈಪುರ ಸಂಸ್ಥಾನದ ಚಕ್ವಾರಾ ಊರಿನ ಕಥೆ ಬರುತ್ತದೆ. ತಮ್ಮವರ ಊಟಕ್ಕೆ ತುಪ್ಪ ಬಡಿಸಿದರು ಅಂತ ದಲಿತರನ್ನು ಮೇಲ್ಜಾತಿಯವರು ಲಾಠಿ ಹಿಡಿದು ಬಂದು ಹೊಡೆದರು. ಆ ಪುಟ ಓದುತ್ತಿದ್ದ ಹುಡುಗ ಅಲ್ಲೇ ನಿಲ್ಲಿಸಿದ. ಪುಟದ ಮೂಲೆ ಮಡಚುತ್ತಾ ಬಿಡಿಸುತ್ತಾ ಕೂತ. ಆಮೇಲೆ ಮೆಲ್ಲಗೆ ಹೇಳಿದ, "ನಮ್ಮೂರ ಹೋಟೆಲಲ್ಲಿ ಎಲ್ಲರಿಗೂ ಗಾಜಿನ ಲೋಟ. ನಮ್ಮಪ್ಪಂಗೆ ಈಗಲೂ ಪ್ಲಾಸ್ಟಿಕ್ ಕಪ್ಪು." ಎರಡು ವರ್ಷದಿಂದ ಅವನ ಪಕ್ಕದ ಬೆಂಚಲ್ಲೇ ಕೂತಿದ್ದೆ ನಾನು. ಅವತ್ತು ಮುಂದಕ್ಕೆ ಯಾರೂ ಓದಲಿಲ್ಲ.

ಆ ಸಲ ಸ್ಕಾಲರ್‌ಶಿಪ್ ಬಾರದೆ ಜೂನಿಯರ್ ಒಬ್ಬ ಕಾಲೇಜು ಬಿಡುತ್ತೇನೆ ಅಂದಾಗ ಸಹಾಯಕ್ಕೆ ಮೊದಲು ಎದ್ದವನೂ ಆ ಪುಟ ಓದಿದ ಹುಡುಗನೇ. ಅರ್ಜಿ ಸರಿಯಾಗಿಯೇ ಇತ್ತು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ (ಸೀಡಿಂಗ್) ಆಗಿರಲಿಲ್ಲ ಅಷ್ಟೇ. ಅಲ್ಲಿಂದ ಪ್ರತಿ ಭಾನುವಾರ ಓದು ಮುಗಿದ ಮೇಲೆ ಒಂದು ಗಂಟೆ ಎಸ್‌ಎಸ್‌ಪಿ, ಅಂದರೆ ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್‌ನ ಅರ್ಜಿ ತುಂಬಿಸೋಕೆ ಕೂರುತ್ತಿದ್ದೆವು. ಅರ್ಜಿಯಲ್ಲಿ ಕೇಳುವ ಆರ್‌ಡಿ ನಂಬರ್, ಅಂದರೆ ಜಾತಿ ಪ್ರಮಾಣಪತ್ರದ ಗುರುತಿನ ಸಂಖ್ಯೆ, ಎಲ್ಲಿರುತ್ತೆ ಅಂತ ತೋರಿಸೋದೂ ಬಳಗದ ಕೆಲಸ ಅಂತಲೇ ನಾನು ಈಗಲೂ ನಂಬಿದ್ದೇನೆ.

ಊರಲ್ಲಿರುವವರು ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಗ್ರಂಥಾಲಯದಲ್ಲಿ, ಜಾಗ ಕೇಳಿ ನೋಡಿ. 'ಜಾತಿ ವಿನಾಶ'ದ ಎರಡು ಪ್ರತಿ ನನ್ನ ಹತ್ತಿರ ಇವೆ. ಬಳಗ ಶುರು ಮಾಡುವವರು ವಿಳಾಸ ಇನ್‌ಬಾಕ್ಸ್ ಮಾಡಿ, ಅಂಚೆಯಲ್ಲಿ ಕಳಿಸುತ್ತೇನೆ.